ಬಾರದಿರಲಿ ನಾಲ್ಕನೆಯ ಜೇಡ

ಸ್ಯಾಮ್ ರೇಮಿ ಮತ್ತೊಮ್ಮೆ ಟೋಬಿ ಮಗ್ವಾಯರ್‌ಗೆ ಕೆಂಪು-ನೀಲಿ ಉಡುಪು ತೊಡಿಸಿ ‘ಸ್ಪೈಡರ್-ಮ್ಯಾನ್ 4’ ತೆಗೆಯಬೇಕು ಎಂಬ ಕೂಗು 2021ರ ಡಿಸೆಂಬರ್‌ನಲ್ಲಿ ಜೋರಾಯಿತು. ‘ನೋ ವೇ ಹೋಮ್’ನಲ್ಲಿ ಮಗ್ವಾಯರ್ ಕಾಣಿಸಿಕೊಂಡಾಗ ಎದ್ದ ಶಿಳ್ಳೆ ಅದರ ಆರಂಭ. ಐದು ತಿಂಗಳಾಗುವಷ್ಟರಲ್ಲಿ ರೇಮಿಯೇ ನಿರ್ದೇಶಿಸಿದ ‘ಡಾಕ್ಟರ್ ಸ್ಟ್ರೇಂಜ್ ಇನ್ ದ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್’ ಬಂತು, ವಿಮರ್ಶಕರೂ ದನಿಗೂಡಿಸಿದರು. ಕಾರ್ಖಾನೆಯ ಸರಕಿನ ಮೇಲೂ ರೇಮಿ ತಮ್ಮ ಮುದ್ರೆ ಒತ್ತಿದ್ದಾರೆ, ಇನ್ನು ಅವರ ಸ್ವಂತ ಜೇಡವನ್ನು ಅವರಿಗೇ ಕೊಟ್ಟರೆ ಹೇಗಿದ್ದೀತು ಎಂಬುದು ಅವರ ವಾದ. ನಾನು ಬೇಡ ಎನ್ನುತ್ತೇನೆ. ‘ಸ್ಪೈಡರ್-ಮ್ಯಾನ್ 2’ ಚಿತ್ರಕ್ಕಿಂತ ದೊಡ್ಡ ಸೂಪರ್‌ಹೀರೊ ಚಿತ್ರ ಇಂದಿಗೂ ಬಂದಿಲ್ಲ ಎಂದು ನಂಬಿರುವುದರಿಂದಲೇ ಈ ಮಾತು.

2004ರ ಆ ಚಿತ್ರದ ಆಸ್ಪತ್ರೆಯ ದೃಶ್ಯವನ್ನು ಹೊಗಳುವವರು ಬಹಳ. ನಿಧಾನವಾಗಿ ನೋಡುವವರು ಕಡಿಮೆ. ಪ್ರಯೋಗ ಕೈಕೊಟ್ಟಿದೆ, ಹೆಂಡತಿ ರೋಸಿ ಸತ್ತಿದ್ದಾಳೆ, ನಾಲ್ಕು ಯಾಂತ್ರಿಕ ಬಾಹುಗಳು ವಿಜ್ಞಾನಿ ಡಾಕ್ಟರ್ ಆಕ್ಟೇವಿಯಸ್‌ನ ಬೆನ್ನುಹುರಿಗೆ ಬೆಸೆದುಕೊಂಡಿವೆ. ಅವನು ಮೇಜಿನ ಮೇಲೆ ಬೋರಲಾಗಿ ಮಲಗಿದ್ದಾನೆ, ಎಚ್ಚರವಿಲ್ಲ. ಬಾಹುಗಳನ್ನು ಕೊಯ್ದು ತೆಗೆಯಲು ವೈದ್ಯರು ಗರಗಸ ಹಿಡಿದಿದ್ದಾರೆ, ಕೆಲಸಕ್ಕೆ ಮುನ್ನ ಏನೋ ತಮಾಷೆ ಮಾಡಿಕೊಂಡಿದ್ದಾರೆ. ಗರಗಸ ತಿರುಗಿತು. ಒಂದು ಬಾಹುವಿನ ಉಗುರು ಮೆಲ್ಲಗೆ ಬಿಚ್ಚಿಕೊಂಡಿತು. ಆಮೇಲೆ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ.

ಚಿತ್ರದುದ್ದಕ್ಕೂ ಧಾರಾಳವಾಗಿ ಮೊಳಗುವ ಡ್ಯಾನಿ ಎಲ್ಫ್‌ಮನ್‌ರ ವಾದ್ಯಮೇಳ ಇಲ್ಲಿ ಸುಮ್ಮನಾಗುತ್ತದೆ. ಕೇಳುವುದು ಲೋಹ, ಗಾಜು, ಕಿರುಚಾಟ. ಕ್ಯಾಮೆರಾ ಒಮ್ಮೆ ಬಾಹುವಿನ ಕಣ್ಣಾಗಿ ನರ್ಸ್‌ಳ ತೆರೆದ ಬಾಯಿಯತ್ತ ನುಗ್ಗುತ್ತದೆ, ಇನ್ನೊಮ್ಮೆ ಗೋಡೆಯ ಮೇಲಿನ ನೆರಳನ್ನಷ್ಟೇ ತೋರಿಸುತ್ತದೆ. ಕತ್ತಲೆಗೆ ಎಳೆದೊಯ್ಯಲ್ಪಡುವ ಹೆಂಗಸಿನ ಉಗುರುಗಳು ನೆಲವನ್ನು ಗೀರುತ್ತಾ ಹೋಗುತ್ತವೆ. ರಕ್ತ ಕಾಣುವುದೇ ಇಲ್ಲವೆನ್ನಬೇಕು. ಮಕ್ಕಳೂ ನೋಡುವ ಚಿತ್ರವಾದ್ದರಿಂದ ತೋರಿಸುವಂತಿರಲಿಲ್ಲ. ಆ ಕಟ್ಟುಪಾಡು ದೃಶ್ಯವನ್ನು ಮೊಂಡಾಗಿಸುವ ಬದಲು ಹರಿತಗೊಳಿಸಿದೆ. ಆಗ ಈ ಚಿತ್ರ ಕನ್ನಡದಲ್ಲಿ ಸಿಗುತ್ತಿರಲಿಲ್ಲ. ಮೂರು ವರ್ಷಗಳ ನಂತರ ಮೂರನೆಯ ಭಾಗ ಭೋಜಪುರಿಗೂ ಡಬ್ ಆಯಿತು, ನಮಗೆ ಇಂಗ್ಲಿಷೇ ಗತಿ. ಆದರೆ ಈ ಕೋಣೆಯೊಳಗೆ ಭಾಷೆ ಬಾರದ ಪ್ರೇಕ್ಷಕನೆಂಬವನು ಯಾರೂ ಇರಲಿಲ್ಲ.

ಇದು ‘ಈವಿಲ್ ಡೆಡ್’ ನಿರ್ದೇಶಕನ ಕೈಚಳಕ ಎಂದು ಗುರುತಿಸುವುದು ಸುಲಭ. 1981ರ ಕಾಡಿನ ಗುಡಿಸಲು, 1987ರ ಎರಡನೆಯ ಭಾಗದಲ್ಲಿ ತನ್ನ ಒಡೆಯನ ವಿರುದ್ಧವೇ ತಿರುಗಿಬೀಳುವ ಕೈ, ಗರಗಸ ಎಲ್ಲವೂ ಇಲ್ಲಿ ನೆನಪಾಗುತ್ತವೆ. ಹೆಚ್ಚಿನ ವಿಮರ್ಶಕರು ಈ ಗುರುತು ಹಚ್ಚುವಲ್ಲಿಗೇ ನಿಲ್ಲುತ್ತಾರೆ. ನನಗೆ ಮುಖ್ಯವಾಗುವುದು ಆಕ್ಟೇವಿಯಸ್‌ಗೆ ಎಚ್ಚರವಿಲ್ಲ ಎನ್ನುವ ಸಂಗತಿ. ಕೊಂದದ್ದು ಅವನ ದೇಹ, ಅವನಲ್ಲ. ಕಡೆಗೆ ಎದ್ದು, ಹೆಣಗಳ ನಡುವೆ ನಿಂತು ಅವನು ಚೀರುವಾಗ ಖಳನಾಯಕನ ಹುಟ್ಟಿನ ಜೊತೆಗೆ ಒಬ್ಬ ಸಭ್ಯ ಮನುಷ್ಯ ತನ್ನ ಮೈಯ ಮೇಲಿನ ಹಕ್ಕನ್ನೇ ಕಳೆದುಕೊಂಡದ್ದನ್ನು ಕಾಣುತ್ತೇವೆ. ಇದೇ ಚಿತ್ರದಲ್ಲಿ ಪೀಟರ್ ಪಾರ್ಕರ್‌ಗೆ ಆಗುತ್ತಿರುವುದೇನು? ಹಾರುತ್ತಿರುವಾಗಲೇ ಬಲೆ ಬತ್ತಿಹೋಗಿ ಕೆಳಗೆ ಬೀಳುತ್ತಾನೆ. ಗೋಡೆಗೆ ಅಂಟುತ್ತಿದ್ದ ಬೆರಳು ಜಾರುತ್ತದೆ. ಒಬ್ಬನ ದೇಹ ಅವನು ಬೇಡವೆಂದದ್ದನ್ನು ಮಾಡುತ್ತದೆ, ಇನ್ನೊಬ್ಬನ ದೇಹ ಅವನು ಬೇಕೆಂದದ್ದನ್ನು ಮಾಡಲು ಒಪ್ಪುವುದಿಲ್ಲ. ಆಸ್ಪತ್ರೆಯ ಭೀಕರತೆ ಕಥೆಯ ಹೊಟ್ಟೆಯೊಳಗಿಂದಲೇ ಹುಟ್ಟಿದ್ದು. ಅದನ್ನು ತೆಗೆದುಹಾಕಿದರೆ, ಕೊನೆಗೆ ಆಕ್ಟೇವಿಯಸ್ ಬಾಹುಗಳಿಗೆ ತಾನೇ ಅಪ್ಪಣೆ ಕೊಟ್ಟು ತನ್ನ ಯಂತ್ರದೊಡನೆ ನದಿಯಲ್ಲಿ ಮುಳುಗುವುದಕ್ಕೆ ಅರ್ಥವೇ ಉಳಿಯದು.

ಈಗ 2022ರ ಚಿತ್ರಕ್ಕೆ ಬರೋಣ. ಸ್ಕಾಟ್ ಡೆರಿಕ್ಸನ್ ಬಿಟ್ಟುಹೋದ ಕೆಲಸವನ್ನು ರೇಮಿ ವಹಿಸಿಕೊಂಡರು. ಕ್ಯಾಮೆರಾದ ಓಟ, ಓರೆಯಾದ ಕೋನಗಳು, ಬ್ರೂಸ್ ಕ್ಯಾಂಪ್‌ಬೆಲ್‌ರ ಇಣುಕುನೋಟ, ಕೊಳೆತ ಹೆಣ, ಎಲ್ಲವೂ ಹಾಜರಿ. ಸಂಗೀತದ ಸ್ವರಗಳನ್ನೇ ಆಯುಧವಾಗಿ ಎಸೆದಾಡುವ ಕಾಳಗವೊಂದಿದೆ. ಅದರ ಕಲ್ಪನೆಗೆ ನಾನು ತಲೆದೂಗುತ್ತೇನೆ. ಆದರೆ ಎಲ್ಲರೂ ಮೆಚ್ಚಿದ ಹೆಣದ ಪ್ರಸಂಗ ನೋಡಿ. ಸ್ಟ್ರೇಂಜ್ ಬೇರೊಂದು ಲೋಕದ ತನ್ನದೇ ಶವದೊಳಗೆ ಹೊಕ್ಕು ಅದನ್ನು ನಡೆಸುತ್ತಾನೆ, ಮುತ್ತುವ ಪ್ರೇತಗಳನ್ನು ಮೇಲಂಗಿಯಾಗಿ ಹೊದ್ದುಕೊಳ್ಳುತ್ತಾನೆ. ನೋಡಲು ಬೆರಗು. ಅವನಿಗೆ ಇದರಿಂದ ಏನಾಯಿತು? ಅದಕ್ಕಾಗಿ ಬಳಸಿದ ನಿಷಿದ್ಧ ಗ್ರಂಥದ ಬೆಲೆಯೆಂಬಂತೆ ಚಿತ್ರದ ಕೊನೆಯಲ್ಲಿ ಹಣೆಯ ಮೇಲೆ ಮೂರನೆಯ ಕಣ್ಣು ತೆರೆದು, ಬೀದಿಯಲ್ಲಿ ಕುಸಿದು ಕಿರುಚುತ್ತಾನೆ. ಒಂದು ಕ್ಷಣ ಹಳೆಯ ರೇಮಿ ಬಂದರು ಎನ್ನಿಸುತ್ತದೆ. ಹೆಸರುಗಳು ಉರುಳಲು ಶುರುವಾಗಿ ಸ್ವಲ್ಪ ಹೊತ್ತಿಗೆ ಶಾರ್ಲೀಸ್ ಥೆರಾನ್ ಪ್ರತ್ಯಕ್ಷರಾಗಿ ಮುಂದಿನ ಸಾಹಸಕ್ಕೆ ಕರೆಯುತ್ತಾರೆ; ಅವನು ನಿರಾಳವಾಗಿ ಆ ಕಣ್ಣನ್ನು ತೆರೆದು ಹೊರಟುಬಿಡುತ್ತಾನೆ. ಶಾಪವಾಗಬೇಕಿದ್ದದ್ದು ಕೆಲವೇ ನಿಮಿಷಗಳಲ್ಲಿ ಒಡವೆಯಾಯಿತು.

ನಮ್ಮಲ್ಲಿ ವಚನಗಳನ್ನು ಸಂಪಾದಿಸಿದವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಅಂಕಿತ ಇದ್ದಮಾತ್ರಕ್ಕೆ ವಚನ ಆ ವಚನಕಾರನದೇ ಎಂದು ಹೇಳಲಾಗದು. ಯಾರೋ ಬರೆದು ಸೇರಿಸಿದ ಪ್ರಕ್ಷಿಪ್ತದಲ್ಲೂ ಅಂಕಿತ ಅಚ್ಚುಕಟ್ಟಾಗಿ ಕೂತಿರುತ್ತದೆ. ‘ಮಲ್ಟಿವರ್ಸ್’ನಲ್ಲಿ ರೇಮಿಯ ಅಂಕಿತ ಸಾಲುಸಾಲಿಗೂ ಇದೆ. ಅದು ಸ್ವತಃ ಅವರೇ ಬರೆದ ಪ್ರಕ್ಷಿಪ್ತ ಎನ್ನುವುದು ನನಗೆ ನೋವು ತರುವ ಸಂಗತಿ.

ಇಲ್ಲಿ ‘ನಿರ್ದೇಶಕನ ಮುದ್ರೆ’ ಹುಡುಕುವ ವಿಮರ್ಶಕರೊಡನೆ ನನ್ನ ತಕರಾರು ಎದ್ದೇಳುತ್ತದೆ. ನಿರ್ದೇಶಕನೇ ಚಿತ್ರದ ಕರ್ತೃ ಎಂಬ ಸಿದ್ಧಾಂತವನ್ನು ಅಮೆರಿಕಕ್ಕೆ ತಂದ ಆಂಡ್ರೂ ಸ್ಯಾರಿಸ್ 1962ರಲ್ಲೇ ಮೂರು ವೃತ್ತಗಳ ಮಾತಾಡಿದ್ದರು: ಹೊರಗೆ ತಾಂತ್ರಿಕ ಸಾಮರ್ಥ್ಯ, ನಡುವೆ ವೈಯಕ್ತಿಕ ಶೈಲಿ, ಒಳಗೆ ಆಂತರಿಕ ಅರ್ಥ. ಮೂರನೆಯದು ಹುಟ್ಟುವುದು ನಿರ್ದೇಶಕನ ಸ್ವಭಾವಕ್ಕೂ ಅವನ ಕೈಗೆ ಬಂದ ವಸ್ತುವಿಗೂ ನಡೆಯುವ ಜಗ್ಗಾಟದಲ್ಲಿ. ಇಂದಿನವರು ಎರಡನೆಯ ವೃತ್ತದಲ್ಲೇ ಬಿಡಾರ ಹೂಡಿದ್ದಾರೆ. ಓರೆ ಕ್ಯಾಮೆರಾ ಕಂಡರೆ ಸಾಕು, ನಿರ್ದೇಶಕ ಗೆದ್ದ ಎಂದು ಬರೆಯುತ್ತಾರೆ. ಸ್ಟುಡಿಯೋಗೆ ಇದಕ್ಕಿಂತ ಅನುಕೂಲದ ವಿಮರ್ಶೆ ಬೇರೆ ಬೇಕೆ? ನಾಲ್ಕು ಕೈಚಳಕಗಳಿಗೆ ಜಾಗ ಬಿಟ್ಟುಕೊಟ್ಟು, ಕಥೆಯ ಕೀಲಿಕೈಯನ್ನು ತಾನೇ ಇಟ್ಟುಕೊಂಡರೂ ಅದು ಸ್ವಾತಂತ್ರ್ಯ ಕೊಟ್ಟಂತೆ ಆಗುತ್ತದೆ.

ಇದೇ ವಿಮರ್ಶಕರು 2007ರ ಮೂರನೆಯ ಭಾಗದ ಬಗ್ಗೆ ಇನ್ನೊಂದು ಕಥೆ ಹೇಳುತ್ತಾರೆ. ನಿರ್ಮಾಪಕ ಅವಿ ಆರಾದ್ ಒತ್ತಾಯದಿಂದ ವೆನಮ್ ಎಂಬ ಖಳ ಬಂದ, ಅವನಿಂದ ಚಿತ್ರ ಕೆಟ್ಟಿತು, ಇಲ್ಲದಿದ್ದರೆ ಅದೂ ಮಹಾಕೃತಿಯಾಗುತ್ತಿತ್ತು. ಒತ್ತಾಯ ಇದ್ದದ್ದು ನಿಜ. ವೆನಮ್ ಆ ಚಿತ್ರದಲ್ಲಿ ಅತಿಥಿಯಂತೆ ಬಂದು ಅತಿಥಿಯಂತೆ ಹೋಗುತ್ತಾನೆ. ಆದರೆ ಚಿತ್ರದ ಆಳದ ಗಾಯ ಬೇರೆ ಕಡೆ ಇದೆ. ಮೊದಲ ಚಿತ್ರದಲ್ಲಿ ಪೀಟರ್ ಕೈಯಾರೆ ದಾರಿಬಿಟ್ಟ ಕಳ್ಳನೇ ಬೆನ್ ಚಿಕ್ಕಪ್ಪನನ್ನು ಕೊಂದ. ಆ ಒಂದು ತಪ್ಪಿನ ಭಾರದ ಮೇಲೆ ಎರಡೂ ಚಿತ್ರಗಳು ನಿಂತಿದ್ದವು. ಮೂರನೆಯದು ಗುಂಡು ಹಾರಿದ್ದು ಫ್ಲಿಂಟ್ ಮಾರ್ಕೊ ಎಂಬ ಬೇರೊಬ್ಬನ ಕೈಯಿಂದ ಎನ್ನುತ್ತದೆ. ಅಡಿಗಲ್ಲನ್ನೇ ಕಿತ್ತಂತಾಯಿತು. ತೆರೆಯ ಮೇಲೆ ಈ ಕಥೆಯ ಹೆಸರು ಸ್ಯಾಮ್ ಮತ್ತು ಅವರ ಅಣ್ಣ ಐವನ್ ರೇಮಿಯದು. ವೆನಮ್‌ನನ್ನು ಎಷ್ಟು ಬೈದರೂ ಈ ಲೆಕ್ಕ ತೀರುವುದಿಲ್ಲ.

ಆ ಚಿತ್ರದಲ್ಲೇ ಮಾರ್ಕೊ ಮರಳಿನಿಂದ ಮತ್ತೆ ಹುಟ್ಟುವ ದೃಶ್ಯವಿದೆ. ಮಾತಿಲ್ಲ. ಕಣಗಳು ಕೂಡುತ್ತವೆ, ಮುಖವಾಗುವಷ್ಟರಲ್ಲಿ ಉದುರುತ್ತವೆ. ಮಗಳ ಚಿತ್ರವಿರುವ ಪದಕವನ್ನು ಎತ್ತಿಕೊಳ್ಳಲು ಚಾಚಿದ ಕೈ ಮುಟ್ಟುತ್ತಲೇ ಪುಡಿಯಾಗುತ್ತದೆ. ಮತ್ತೆ ಪ್ರಯತ್ನ. ಅದೇ ಸ್ಟುಡಿಯೋ, ಅದೇ ಒತ್ತಡ, ಅದೇ ವರ್ಷ; ಆದರೂ ಇಲ್ಲಿ ರೇಮಿ ಪೂರ್ತಿಯಾಗಿ ಇದ್ದಾರೆ, ಏಕೆಂದರೆ ಇಲ್ಲಿಯೂ ಒಡೆಯನ ಮಾತು ಕೇಳದ ದೇಹವಿದೆ. ಪೀಟರ್‌ನಲ್ಲಿ ಅವರಿಗೆ ಬೇಕಾದದ್ದು ಅಷ್ಟರಲ್ಲಿ ಮುಗಿದುಹೋಗಿತ್ತು. ಹಾಗಾಗಿಯೇ ಕಪ್ಪು ಉಡುಪು ತೊಟ್ಟ ಪೀಟರ್ ಬೀದಿಯಲ್ಲಿ ಕುಣಿಯುತ್ತಾನೆ, ಮರಳಿನ ಮನುಷ್ಯ ನಮ್ಮ ಕರುಳು ಹಿಂಡುತ್ತಾನೆ.

ಇದು ರೇಮಿಗೂ ತಿಳಿದಿತ್ತು ಎಂದುಕೊಳ್ಳಲು ಕಾರಣವಿದೆ. ಮೂರನೆಯ ಭಾಗ ಸುಮಾರು 89 ಕೋಟಿ ಡಾಲರ್ ಗಳಿಸಿದ ಮೇಲೂ ಅವರು 2009ರಲ್ಲಿ ‘ಡ್ರ್ಯಾಗ್ ಮಿ ಟು ಹೆಲ್’ ಎಂಬ ಸಣ್ಣ ಚಿತ್ರಕ್ಕೆ ಹೊರಳಿದರು. ಮುದುಕಿಯ ಮನೆ ಸಾಲಕ್ಕೆ ಇನ್ನಷ್ಟು ಗಡುವು ಕೊಡಲು ಒಪ್ಪದ ಬ್ಯಾಂಕ್ ಹುಡುಗಿಯೊಬ್ಬಳ ಕಥೆ. ಬಡ್ತಿಯ ಆಸೆಗೆ ಆಡಿದ ಒಂದೇ ಮಾತು ಅವಳ ಮೈಯನ್ನೂ ಮನೆಯನ್ನೂ ಬೆನ್ನಟ್ಟುತ್ತದೆ. ಅಲ್ಲಿ ಬೆಲೆ ತೆರಲೇಬೇಕು, ಹೆಸರುಗಳು ಉರುಳಿದ ಮೇಲೆ ರಿಯಾಯಿತಿ ಇಲ್ಲ. ನಾಲ್ಕನೆಯ ಜೇಡ 2011ರ ಮೇ ತಿಂಗಳಿಗೆ ನಿಗದಿಯಾಗಿತ್ತು, ರಣಹದ್ದಿನ ಖಳಪಾತ್ರಕ್ಕೆ ಜಾನ್ ಮಾಲ್ಕೊವಿಚ್ ಹೆಸರಿತ್ತು. ಚಿತ್ರಕಥೆ ಪಕ್ವವಾಗಲಿಲ್ಲ. ಆ ದಿನಾಂಕಕ್ಕೆ ತಮಗೆ ಒಪ್ಪಿಗೆಯಾಗುವ ಚಿತ್ರ ಕೊಡಲಾರೆ ಎಂದು ರೇಮಿ ಹಿಂದೆ ಸರಿದರು; 2010ರ ಜನವರಿಯಲ್ಲಿ ಸೋನಿ ಅದನ್ನು ಕೈಬಿಟ್ಟಿತು. ಇದನ್ನು ದುರಂತವೆಂದು ಬರೆಯುತ್ತಾರೆ. ಬೃಹತ್ ಚಿತ್ರಗಳ ಚರಿತ್ರೆಯಲ್ಲಿ ನಿರ್ದೇಶಕನೊಬ್ಬ ತನ್ನ ಕೆಲಸದ ಮೇಲೆ ಇಟ್ಟ ಗೌರವಕ್ಕೆ ಇಂಥ ಇನ್ನೊಂದು ಉದಾಹರಣೆ ನನಗೆ ಸುಲಭಕ್ಕೆ ನೆನಪಾಗುವುದಿಲ್ಲ.

ಮುಂದುವರಿಸಲು ಏನು ಉಳಿದಿದೆ ಎಂದು ಕೇಳುವವರು ‘ಸ್ಪೈಡರ್-ಮ್ಯಾನ್ 2’ರ ಕಡೆಯ ಕ್ಷಣಗಳನ್ನು ಮತ್ತೊಮ್ಮೆ ನೋಡಬೇಕು. ಮದುವೆಯನ್ನು ಬಿಟ್ಟೋಡಿ ಬಂದ ಮೇರಿ ಜೇನ್ ಪೀಟರ್‌ನ ಬಾಗಿಲಲ್ಲಿ ನಿಂತಿದ್ದಾಳೆ. ಸೈರನ್ ಕೇಳುತ್ತದೆ, ಅವಳೇ ಅವನನ್ನು ಕಳಿಸುತ್ತಾಳೆ. ಅವನು ಕಟ್ಟಡಗಳ ನಡುವೆ ತೂಗುತ್ತಾ ಹೊರಟ, ಹೆಲಿಕಾಪ್ಟರ್‌ಗಳು ಜೊತೆಗಿವೆ, ಸಂಗೀತ ಏರಿದೆ. ಬೇರೆ ಯಾವ ನಿರ್ದೇಶಕನಾದರೂ ಅಲ್ಲೇ ಮುಗಿಸುತ್ತಿದ್ದ. ರೇಮಿ ಕಿಟಕಿಗೆ ಹಿಂತಿರುಗುತ್ತಾರೆ. ಮದುವಣಗಿತ್ತಿಯ ಉಡುಪಿನಲ್ಲೇ ನಿಂತು ಅವನು ಹೋದ ದಿಕ್ಕನ್ನೇ ನೋಡುತ್ತಿರುವ ಆ ಹುಡುಗಿಯ ಮುಖದಲ್ಲಿ ನಗು ನಿಧಾನವಾಗಿ ಇಳಿದು, ಇನ್ನು ದಿನವೂ ಕಾಯಬೇಕು ಎಂಬ ಅಂಜಿಕೆ ಬಂದು ಕೂರುತ್ತದೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.