ಬೀಸುಕಲ್ಲನ್ನೂ ಬಿಡದ ಲಾವಣಿ

ನಮ್ಮ ಬೆಳವಣಕಿ ಸೀಮೆಯಲ್ಲಿ ಡಪ್ಪು, ತುಂತುಣಿ ಹಿಡಿದು ನಿಂತು ಹಾಡುವವರು ಈಗ ಕಡಿಮೆ. ಆದರೂ ‘ಹಲಗಲಿ ಬೇಡರು’ ಲಾವಣಿ ಶುರುವಾದರೆ ಎದ್ದು ಹೊರಟವರೂ ಮತ್ತೆ ಕೂಡುತ್ತಾರೆ. ಕವಿಯ ಹೆಸರು ಉಳಿದಿಲ್ಲ, ಉಳಿದಿರುವುದು ಕುರ್ತಕೋಟಿ ಕಲ್ಮೇಶನ ಅಂಕಿತ. ಕುರ್ತಕೋಟಿ ನಮ್ಮ ಗದಗ ಜಿಲ್ಲೆಯದೇ ಊರು.

ಲಾವಣಿಯ ಘಟನೆ ನಡೆದದ್ದು 1857ರ ನವೆಂಬರ್‌ನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ. ಆಯುಧ ಒಪ್ಪಿಸಿರೆಂದು ಕಂಪನಿ ಸರಕಾರದ ಹುಕುಂ ಬಂತು. ಬೇಟೆಯಿಂದಲೇ ಬದುಕುವ ಬೇಡರಿಗೆ ಆಯುಧ ಕೊಡುವುದೂ ಜೀವ ಕೊಡುವುದೂ ಒಂದೇ. ಅವರು ಒಪ್ಪಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಮುಂದಿನ ತಿಂಗಳು 19 ಜನರನ್ನು ನೇಣಿಗೇರಿಸಿದರು. ಆರು ತಿಂಗಳಲ್ಲಿ ನರಗುಂದವೂ ಎದ್ದಿತು. 1858ರ ಜೂನ್‌ನಲ್ಲಿ ಅಲ್ಲಿಯ ಅರಸ ಬಾಬಾಸಾಹೇಬರು ಬೆಳಗಾವಿಯಲ್ಲಿ ಗಲ್ಲಿಗೇರಿದರು.

ಶಾಲೆಯಲ್ಲಿ ಈ ಲಾವಣಿಯನ್ನು ಹನುಮ, ಬಾಲ, ಜಡಗ, ರಾಮರ ಶೌರ್ಯದ ಪದ್ಯವೆಂದು ಕಲಿಸುತ್ತಾರೆ. ನನಗೆ ಅದರ ಜೀವ ಇರುವುದು ಬೇರೆ ಕಡೆ. ಊರು ಸುಲಿಗೆಯಾಗುವ ಭಾಗದಲ್ಲಿ ಕವಿ ಕಾಳಗವನ್ನು ಬಿಟ್ಟು ನೇರ ಅಡಿಗೆಮನೆಗೆ ನುಗ್ಗುತ್ತಾನೆ. ಉಪ್ಪು, ಬೆಣ್ಣೆ, ಜೀರಿಗೆ, ಅರಿಸಿನ, ಗಂಗಾಳ, ಚರಿಗೆ, ಕೊನೆಗೆ ಮಂಗಳಸೂತ್ರ, ಬೀಸುಕಲ್ಲು. ಒಂದಕ್ಕೂ ವಿಶೇಷಣ ಹಚ್ಚುವುದಿಲ್ಲ, ಅಯ್ಯೋ ಅನ್ನುವುದಿಲ್ಲ. ಜಪ್ತಿಯ ಪಂಚನಾಮೆ ಬರೆದಂತೆ ಒಂದೊಂದೇ ಹೇಳುತ್ತ ಹೋಗುತ್ತಾನೆ. ಆ ಪಟ್ಟಿಯಲ್ಲಿ ಮಂಗಳಸೂತ್ರ ಬಂದಾಗ, ಒಡವೆ ಹೋಯಿತೋ ಗಂಡನೇ ಹೋದನೋ ಎಂದು ಕೇಳುವವರ ಎದೆ ಝಲ್ಲೆನ್ನುತ್ತದೆ. ಹುತಾತ್ಮರ ಎಣಿಕೆ ದಫ್ತರದಲ್ಲಿ ಸಿಕ್ಕೀತು. ಜೀರಿಗೆ ಹೋದದ್ದನ್ನು ಯಾವ ದಫ್ತರ ಬರೆದಿಟ್ಟೀತು? ಕೇಳುಗರಲ್ಲಿ ಬಂದೂಕು ಹಿಡಿದವರು ಯಾರೂ ಇರಲಿಕ್ಕಿಲ್ಲ. ಜೀರಿಗೆ ಡಬ್ಬಿ ಮಾತ್ರ ಎಲ್ಲರ ಮನೆಯಲ್ಲೂ ಇದೆ. ಆ ಊರಿನ ಕೇಡು ನಮ್ಮ ಮನೆಯದಾಗುವುದು ಅಲ್ಲಿಂದಲೇ.

ಇನ್ನೊಂದು ಗುಣಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ. ಬೇಡರು ಕಾರಕೂನನ ಕಪಾಳಕ್ಕೆ ಹೊಡೆದದ್ದನ್ನು, ಸಿಪಾಯಿಗಳನ್ನು ಕೆಡವಿದ್ದನ್ನು ಕವಿ ಮುಚ್ಚಿಡುವುದಿಲ್ಲ. ತನ್ನವರ ಕೈಗೆ ಹತ್ತಿದ ರಕ್ತವನ್ನೂ ಹೇಳಿದ್ದರಿಂದಲೇ ಅವನ ದುಃಖದ ಮಾತನ್ನು ನಂಬುತ್ತೇವೆ.

ಈ ಅಳತೆಯನ್ನು ನಮ್ಮ ಕಾಲದ ಗಾಯಕ್ಕೂ ಹಚ್ಚಬೇಕಾಗುತ್ತದೆ. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭೆಯ ನೀರು ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಿರೆಂದಾಗ ಎದ್ದ ರೈತರಲ್ಲಿ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ಅದೇ ದಿನ ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಪ್ರತಿ ವರ್ಷ ಆ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಹಾಡುಗಳೂ ಆಗುತ್ತವೆ. ನಾನು ಕೇಳಿದ ಹಾಡುಗಳಲ್ಲಿ ಕೆಚ್ಚಿದೆ, ಸರಕಾರಕ್ಕೆ ಶಾಪವಿದೆ. ಅವು ಬೇಕು, ಬೇಡವೆನ್ನುವ ಅಧಿಕಾರ ನನಗಿಲ್ಲ. ಆದರೆ ಕರದ ನೋಟೀಸು ಬಂದ ಸಂಜೆ ರೈತನ ಮನೆಯಲ್ಲಿ ಏನು ಮಾತಾಯಿತು, ಯಾವ ಎತ್ತು ಮಾರಿದರು ಎಂಬುದು ಅವುಗಳಲ್ಲಿ ಸಿಗುವುದಿಲ್ಲ. ಸತ್ತ ಪೊಲೀಸರ ಸುದ್ದಿಯಂತೂ ಇಲ್ಲವೇ ಇಲ್ಲ. ಘೋಷಣೆ ಕೂಗಿದವರ ಗಂಟಲು ನೋಯುತ್ತದೆ, ಕೇಳಿದವರ ಮನೆಯೊಳಗೆ ಏನೂ ಉಳಿಯುವುದಿಲ್ಲ.

ಲಾವಣಿಯಲ್ಲೂ ಒಂದು ದೊಡ್ಡ ಕೊರತೆ ಇದೆ. ಅಡಿಗೆಮನೆಯ ಸಾಮಾನು ಇಷ್ಟೆಲ್ಲ ಎಣಿಸಿದ ಕವಿ ಆ ಅಡಿಗೆಮನೆಯ ಹೆಂಗಸರನ್ನು ಮಾತಾಡಿಸಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಹಾಡು ಕಟ್ಟಿದ್ದು ಬೀಸುಕಲ್ಲಿನ ಮುಂದೆ, ನಸುಕಿನಲ್ಲಿ ಜೋಳ ಬೀಸುತ್ತ. ದಂಡು ಆ ಕಲ್ಲನ್ನು ಹೊತ್ತೊಯ್ದದ್ದನ್ನು ಲಾವಣಿ ಹೇಳುತ್ತದೆ. ಮರುದಿನ ನಸುಕಿನಲ್ಲಿ ಆ ಹೆಂಗಸರು ಯಾರ ಮನೆಯ ಕಲ್ಲಿಗೆ ಹೋದರು, ಬೀಸುತ್ತ ಏನು ಹಾಡಿದರು ಎಂಬುದು ಅದರಲ್ಲಿಲ್ಲ.