ಸಂಖ್ಯೆಯ ಗುಣವೋ, ಬರಹದ ಗುಣವೋ?

ದೊಡ್ಡ ಪೂರ್ಣಾಂಕವೊಂದನ್ನು ಪರಿಚಯಿಸುವ ಲೇಖನಗಳಿಗೆ ಒಂದು ಸಿದ್ಧ ಮಾದರಿ ಇದೆ. ಅಂಕಿಗಳ ಮೊತ್ತ ಇಷ್ಟು, ತಿರುಗಿಸಿ ಬರೆದರೆ ಹೀಗೆ, ಇಂಥ ಅಂಕಿ ಇಷ್ಟು ಸಲ ಬರುತ್ತದೆ ಎಂದು ಪಟ್ಟಿ ಮಾಡಿ 'ಎಂಥ ವಿಸ್ಮಯ!' ಎಂದು ಮುಗಿಸುವುದು. ಓದಲು ರಂಜನೀಯ, ನಿಜ. ಆದರೆ ಇವುಗಳಲ್ಲಿ ಸಂಖ್ಯೆಯ ಗುಣಗಳೆಷ್ಟು, ಅದನ್ನು ನಾವು ಬರೆಯುವ ರೀತಿಯ ಗುಣಗಳೆಷ್ಟು? ಈ ಪ್ರಶ್ನೆಯನ್ನು ಎತ್ತುವ ಲೇಖನಗಳು ವಿರಳ.

4294967297 ಎಂಬ ಸಂಖ್ಯೆಯನ್ನು ಗಮನಿಸಿ. ಇದರ ಅಂಕಿಗಳ ಮೊತ್ತ 59. 9 ಎಂಬ ಅಂಕಿ ಮೂರು ಸಲ ಬಂದಿದೆ. ಇದನ್ನೇ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ತುದಿಗಳಲ್ಲಿ 1, ನಡುವೆ 31 ಸೊನ್ನೆಗಳು. 59 ಇಲ್ಲ, 9ರ ಸುಳಿವೂ ಇಲ್ಲ. ಬದಲಿಗೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಎಂಬ ಹೊಸ 'ವಿಸ್ಮಯ'! ಬದಲಾದದ್ದು ಸಂಖ್ಯೆಯಲ್ಲ, ಬರಹ.

ಹಾಗೆಂದು ಅಂಕಿಗಳ ಮೊತ್ತ ನಿರರ್ಥಕವಲ್ಲ. 59ನ್ನು 9ರಿಂದ ಭಾಗಿಸಿದರೆ ಶೇಷ 5. ಮೂಲ ಸಂಖ್ಯೆಯನ್ನು ಭಾಗಿಸಿದರೂ ಶೇಷ 5. 10ನ್ನು 9ರಿಂದ ಭಾಗಿಸಿದಾಗ ಶೇಷ 1 ಉಳಿಯುವುದೇ ಇದಕ್ಕೆ ಕಾರಣ. ಈ ಕಾರಣವನ್ನು ಹೇಳಿದಾಗ ಮಾತ್ರ ಅದು ಗಣಿತವಾಗುತ್ತದೆ.

ಯಾವ ಪದ್ಧತಿಯಲ್ಲಿ ಬರೆದರೂ ಅಳಿಯದ ಗುಣವೊಂದು ಈ ಸಂಖ್ಯೆಗಿದೆ. ಇದು 2³² + 1. ಘಾತ 1, 2, 4, 8, 16 ಆದಾಗ ಇದೇ ರೂಪದಲ್ಲಿ ದೊರೆಯುವ 3, 5, 17, 257, 65537 ಅವಿಭಾಜ್ಯಗಳು. ಮುಂದಿನವೂ ಹಾಗೆಯೇ ಎಂದು ಫರ್ಮಾ 17ನೆಯ ಶತಮಾನದಲ್ಲಿ ಊಹಿಸಿದ. 1732ರಲ್ಲಿ ಆಯ್ಲರ್ ಅದನ್ನು ಮುರಿದ: 4294967297 = 641 × 6700417.

ಇಲ್ಲಿಯೂ ನಮ್ಮ ಲೇಖನಗಳು ಆಯ್ಲರನ ಲೆಕ್ಕದ ಚಾತುರ್ಯವನ್ನು ಕೊಂಡಾಡಿ ನಿಲ್ಲುತ್ತವೆ. 2ರಿಂದ ಆರಂಭಿಸಿದರೆ 641 ನೂರಹದಿನಾರನೆಯ ಅವಿಭಾಜ್ಯ. ಆದರೆ ಈ ಸಂಖ್ಯೆಯ ಅವಿಭಾಜ್ಯ ಭಾಜಕ 64k + 1 ರೂಪದಲ್ಲೇ ಇರಬೇಕೆಂದು ಆಯ್ಲರ್ ಸಾಧಿಸಿ ತೋರಿಸಿದ್ದಾನೆ. ಆಗ ಪರೀಕ್ಷಿಸಬೇಕಾದವು 193, 257, 449, 577, 641 ಮಾತ್ರ. ಐದನೆಯ ಪ್ರಯತ್ನಕ್ಕೇ ಉತ್ತರ!

641 ಏಕೆ ಭಾಗಿಸುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಮೂರು ಸಾಲಿನಲ್ಲಿ ತೋರಿಸಬಹುದು. 641 = 5 × 2⁷ + 1; ಆದ್ದರಿಂದ 641ರಿಂದ ಭಾಗಿಸುವಾಗ 5 × 2⁷ಗೆ ಬದಲಾಗಿ −1 ಎಂದು ಬರೆಯಬಹುದು. ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ಗೆ ಬದಲು 1. ಆದರೆ 641 = 5⁴ + 2⁴; ಅಂದರೆ 5⁴ಗೆ ಬದಲು −2⁴. ಹೀಗಾಗಿ −2³²ಗೆ ಬದಲು 1. 2³² + 1ರ ಶೇಷ ಸೊನ್ನೆ.

ಭೌತವಿಜ್ಞಾನ ಕಲಿಸುವ ನನಗೆ ಇದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಐದು ಸಲ ಸರಿಹೋದ ನಿಯಮ ಆರನೆಯ ಸಲ ಬಿದ್ದುಹೋಯಿತು. ಪಟ್ಟಿಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಇದು ತಿಳಿಯುವುದಿಲ್ಲ. ಮುಂದಿನ ಬಾರಿ ತರಗತಿಯಲ್ಲಿ ಸಂಖ್ಯಾವಿಸ್ಮಯವನ್ನು ಹೇಳುವ ಮೊದಲು, ಬೇರೆ ಪದ್ಧತಿಯಲ್ಲಿ ಬರೆದರೂ ಅದು ಉಳಿಯುವುದೇ ಎಂದು ಉಪಾಧ್ಯಾಯರು ಮಕ್ಕಳನ್ನೇ ಪರೀಕ್ಷಿಸಲು ಬಿಡಲಿ. ಉಳಿದರೆ, ಏಕೆ ಎಂದು ಕೇಳಲಿ.