ಊರ್ಧ್ವಗ ರಕ್ತಪಿತ್ತವೂ ರಕ್ತವಾಂತಿಯೂ: ಒಂದು ಅರ್ಥವಿಮರ್ಶೆ

ಕಾವ್ಯದಲ್ಲಿ ಪದವೊಂದರ ಅರ್ಥ ತಪ್ಪಿದರೆ ರಸಭಂಗವಾದೀತು. ವೈದ್ಯಗ್ರಂಥದಲ್ಲಿ ತಪ್ಪಿದರೆ ಪ್ರಾಣಹಾನಿಯೇ ಆದೀತು. ಪ್ರಾಚೀನ ವೈದ್ಯಗ್ರಂಥಗಳಿಗೆ ತಾತ್ಪರ್ಯ ಬರೆಯುವಾಗ 'ಊರ್ಧ್ವಗ ರಕ್ತಪಿತ್ತ'ವೆಂಬ ಪದಕ್ಕೆ 'ರಕ್ತವಾಂತಿ' ಎಂದು ಅರ್ಥ ಹೇಳಿ ಮುಂದೆ ಸಾಗುವುದುಂಟು. ಈ ಸಮೀಕರಣವು ಮೂಲಕ್ಕೂ ಸಲ್ಲದು, ರೋಗಿಗೂ ಹಿತವಲ್ಲ ಎಂಬುದನ್ನು ವಿದ್ವಾಂಸರ ಅವಗಾಹನೆಗೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

ಚರಕಾದಿಗಳ ಮತದಲ್ಲಿ, ಪ್ರಕೋಪಗೊಂಡ ಪಿತ್ತದಿಂದ ದೂಷಿತವಾದ ರಕ್ತವು ಶರೀರದಿಂದ ಹೊರಬೀಳುವುದೇ ರಕ್ತಪಿತ್ತ. ಅದರ ಭೇದಗಳು ರಕ್ತ ಹೊರಡುವ ದ್ವಾರವನ್ನು ಅನುಸರಿಸಿವೆ. ಬಾಯಿ, ಮೂಗು, ಕಣ್ಣು, ಕಿವಿಗಳಿಂದ ಬಂದುದು ಊರ್ಧ್ವಗ, ಅದು ಸಾಧ್ಯ. ಮಲಮೂತ್ರಾದಿ ಮಾರ್ಗಗಳಿಂದ ಬಂದುದು ಅಧೋಗ, ಅದು ಯಾಪ್ಯ. ಎರಡು ಕಡೆಯಿಂದಲೂ ಬಂದುದು ಉಭಯಮಾರ್ಗಗ, ಅದು ಅಸಾಧ್ಯ. ಚಿಕಿತ್ಸೆಯು ಪ್ರತಿಮಾರ್ಗಹರಣ: ಊರ್ಧ್ವಗಕ್ಕೆ ವಿರೇಚನ, ಅಧೋಗಕ್ಕೆ ವಮನ.

ಹೀಗಿರುವಲ್ಲಿ ಊರ್ಧ್ವಗವೆಂದರೆ ರಕ್ತವಾಂತಿ ಎಂಬ ಲಕ್ಷಣವನ್ನು ನಮ್ಮ ನ್ಯಾಯಗ್ರಂಥಗಳ ನಿಕಷದಲ್ಲಿ ಉಜ್ಜಿ ನೋಡೋಣ. ಮೂಗಿನಿಂದ ಸುರಿಯುವ ರಕ್ತವೂ ಕೆಮ್ಮಿನೊಡನೆ ಬರುವ ರಕ್ತವೂ ಊರ್ಧ್ವಗವೇ ಆದರೂ ಅವು ವಾಂತಿಯಲ್ಲ, ಆದ್ದರಿಂದ ಅವ್ಯಾಪ್ತಿದೋಷ. ಈ ರೋಗಕ್ಕೆ ಪ್ರಶಸ್ತವೆನಿಸಿದ ಆಡುಸೋಗೆಯೇ ಕಾಸ ಕ್ಷಯಗಳಿಗೂ ಮುಖ್ಯೌಷಧವಾಗಿರುವುದು ಗಮನಾರ್ಹ. ಶ್ವಾಸಕೋಶದ ರಕ್ತಸ್ರಾವವೂ ಈ ಹೆಸರಿನಲ್ಲಿ ಅಡಗಿತ್ತೆಂಬುದಕ್ಕೆ ಅದು ಸೂಚನೆ.

ಇನ್ನು ಅತಿವ್ಯಾಪ್ತಿ. ಹೊಟ್ಟೆಯಲ್ಲಿ ರಕ್ತ ಒಸರಿ ವಾಂತಿಯಾದಾಗ ಅದರ ಒಂದು ಭಾಗ ಕೆಳಗಿಳಿದು, ಜೀರ್ಣಗೊಂಡು, ಡಾಂಬರಿನಂತೆ ಕಪ್ಪಾಗಿ ಅಂಟಂಟಾದ ಮಲವಾಗಿ ಹೊರಬೀಳುವುದು ಅನೇಕರಲ್ಲಿ ಕಾಣುತ್ತದೆ. ಅಂಥ ರೋಗಿ ಮೂಲಗ್ರಂಥದ ಮಾತಿನಂತೆಯೇ ಊರ್ಧ್ವಗಕ್ಕೆ ಸೇರದೆ ಉಭಯಮಾರ್ಗಗಕ್ಕೆ ಸೇರುತ್ತಾನೆ. ಮೂಲವು ಅಸಾಧ್ಯವೆಂದು ಕೈಬಿಟ್ಟ ಅವಸ್ಥೆಗೆ ತಾತ್ಪರ್ಯಕಾರನು 'ಸಾಧ್ಯ' ಎಂಬ ಹಣೆಪಟ್ಟಿ ಕಟ್ಟಿದಂತಾಯಿತು. ಅದನ್ನು ನಂಬಿ ವಿರೇಚನ ಕೊಟ್ಟರೆ, ರಕ್ತ ಸೋರಿ ಬಳಲಿದ ದೇಹದಿಂದ ಉಳಿದ ದ್ರವವನ್ನೂ ಹೊರಹಾಕಿದಂತೆ.

ಇದು ಪೂರ್ವಾಚಾರ್ಯರ ದೂಷಣೆಯಲ್ಲ. ಕಂಡ ದ್ವಾರದಿಂದ ಕಾಣದ ಮೂಲವನ್ನು ಊಹಿಸಬೇಕಾದ ಕಾಲ ಅವರದು. ಸಂಶಯ ಬಂದಾಗ ಅವರೂ ಪರೀಕ್ಷೆಯನ್ನೇ ಬಯಸಿದರು. ಶೋಧನದ ಅತಿಯೋಗದಲ್ಲಿ ಹೊರಬಿದ್ದುದು ಜೀವರಕ್ತವೋ ಪಿತ್ತವೋ ಎಂದು ತಿಳಿಯಲು, ಅದರಲ್ಲಿ ನೆನೆದ ಬಿಳಿಯ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು ಕಲೆ ಉಳಿಯುವುದೇ ಎಂದು ನೋಡುವ ವಿಧಾನವು ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿದೆ. ಈ ಪರೀಕ್ಷಾಬುದ್ಧಿಯನ್ನು ಬಿಟ್ಟು ಹೆಸರನ್ನು ಮಾತ್ರ ಹಿಡಿಯುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಅವರು ಕಾಣಲಾರದುದನ್ನು ಇಂದು ಕಾಣಬಹುದು. ೧೯೫೭ರಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಬಾಗುವ ಎಂಡೋಸ್ಕೋಪನ್ನು ತೋರಿಸಿದ ಮೇಲೆ ಜಠರದ ಒಳಗೋಡೆ ವೈದ್ಯನ ಕಣ್ಣಿಗೆ ತೆರೆಯಿತು. ಜಠರ ಹಾಗೂ ಸಣ್ಣಕರುಳಿನ ಆರಂಭದ ಹುಣ್ಣು, ನೋವಿನ ಮಾತ್ರೆಗಳಿಂದಾದ ಗಾಯ, ಯಕೃತ್ತು ಗಡುಸಾದವರ ಅನ್ನನಾಳದಲ್ಲಿ ಉಬ್ಬಿ ಒಡೆದ ಸಿರೆ, ೧೯೨೯ರಲ್ಲಿ ಮ್ಯಾಲರಿ ಮತ್ತು ವೈಸ್ ವಿವರಿಸಿದಂತೆ ಓಕರಿಕೆಯ ರಭಸದಿಂದಾದ ಸೀಳು ಇವೆಲ್ಲವೂ ಬೇರೆ ಬೇರೆ ಕಾರಣಗಳು. ಚಿಕಿತ್ಸೆಯೂ ಬೇರೆ ಬೇರೆ. ೧೮೯೮ರಲ್ಲಿ ದ್ಯೂಲಫ್ವಾ ವಿವರಿಸಿದ ವಿಕೃತಿಯಲ್ಲಂತೂ ಹುಣ್ಣೇ ಇಲ್ಲದಂಥ ಕಡೆ ಪೊರೆಯಡಿಯ ದಪ್ಪ ಧಮನಿಯೊಂದು ಒಡೆದು ರಕ್ತ ಚಿಮ್ಮುತ್ತದೆ; ನಿಂತಾಗ ಕುರುಹೇ ಸಿಗದಿರಬಹುದು. ಮೊದಲ ನೋಟಕ್ಕೆ ಕಾರಣ ಸಿಗದಿದ್ದರೆ ಮತ್ತೆ ಎಂಡೋಸ್ಕೋಪಿ, ಬಳಿಕ ರಕ್ತನಾಳಗಳ ಸಿ.ಟಿ. ಚಿತ್ರ, ಸಣ್ಣಕರುಳಿಗೆ ಕ್ಯಾಪ್ಸೂಲ್ ಎಂಡೋಸ್ಕೋಪಿ ಎಂದು ಶೋಧನೆ ಮುಂದುವರಿಯುತ್ತದೆ. ತ್ರುಟಿತ ಗರಿಯನ್ನು ಊಹೆಯಿಂದ ತುಂಬದೆ ಮತ್ತೊಂದು ಪ್ರತಿಯನ್ನು ಅರಸುವ ನಮಗೆ ಈ ಕ್ರಮ ಅಪರಿಚಿತವಲ್ಲ.

ಉಪಚಾರದಲ್ಲಿಯೂ ಕ್ರಮವಿದೆ. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಕಷಾಯವನ್ನಾಗಲಿ ನೀರನ್ನಾಗಲಿ ಹಾಕದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಾಂತಿ ಕಾಫಿಯ ಚರಟದಂತಿದ್ದರೂ ಉದಾಸೀನ ಸಲ್ಲದು. ಅಲ್ಲಿ ಮೊದಲು ಉಸಿರು, ನಾಡಿ, ರಕ್ತದ ಒತ್ತಡಗಳ ರಕ್ಷಣೆ. ಸಿರೆಯ ಮೂಲಕ ದ್ರವ. ಸಾಮಾನ್ಯವಾಗಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ ೭ ಗ್ರಾಮಿಗಿಂತ ಇಳಿದಾಗ ರಕ್ತಪೂರಣ. ೨೪ ಗಂಟೆಗಳೊಳಗೆ ಎಂಡೋಸ್ಕೋಪಿ.

ಇಲ್ಲಿ ಜೈನವೈದ್ಯಪರಂಪರೆಯ ವಿಶೇಷವೊಂದು ಸ್ಮರಣೀಯ. ಅತಿಯಾಗಿ ರಕ್ತ ಸೋರಿದವನಿಗೆ ಪ್ರಾಣಿರಕ್ತವನ್ನು ಜೇನಿನೊಡನೆ ಕುಡಿಸುವ, ಆಡಿನ ಹಸಿಯಕೃತ್ತನ್ನು ತಿನ್ನಿಸುವ ಯೋಗಗಳು ಸುಶ್ರುತಸಂಹಿತೆಯಲ್ಲಿವೆ. ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣವನ್ನು ಖಂಡಿಸಿದ ಉಗ್ರಾದಿತ್ಯನು ಸಂಸ್ಕೃತ ಕಲ್ಯಾಣಕಾರಕದಲ್ಲಿಯೂ, ೧೨ನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡದಲ್ಲಿಯೂ ಮದ್ಯ ಮಾಂಸ ಮಧುಗಳನ್ನು ವರ್ಜಿಸಿ ಚಿಕಿತ್ಸೆ ಹೇಳಿದರು. ಹೋದ ರಕ್ತಕ್ಕೆ ರಕ್ತವೇ ಬೇಕೆಂಬ ಸಂಹಿತೆಯ ಊಹೆಯೂ, ಅದಕ್ಕಾಗಿ ಜೀವಿಯನ್ನು ಕೊಲ್ಲಬಾರದೆಂಬ ನಮ್ಮ ಆಚಾರ್ಯರ ನಿಷ್ಠೆಯೂ ಮನುಷ್ಯನು ಸ್ವಇಚ್ಛೆಯಿಂದ ಕೊಡುವ ರಕ್ತದಾನದಲ್ಲಿ ವಿರೋಧವಿಲ್ಲದೆ ಕೂಡಿವೆ.

ಆದುದರಿಂದ ಸಂಪಾದಕರು ಊರ್ಧ್ವಗ ರಕ್ತಪಿತ್ತವೆಂಬ ಪಾರಿಭಾಷಿಕ ಪದವನ್ನು ಹಾಗೆಯೇ ಉಳಿಸಿ, ಅದು ದ್ವಾರಸೂಚಕವೇ ಹೊರತು ಕಾರಣಸೂಚಕವಲ್ಲವೆಂದು ಟಿಪ್ಪಣಿ ಬರೆಯಬೇಕು. ಸಾಧ್ಯಾಸಾಧ್ಯವಿಚಾರವು ಆ ಕಾಲದ ಶಾಸ್ತ್ರಕ್ಕೆ ಸೇರಿದ್ದೆಂದೂ, ರಕ್ತ ಕಾರಿದವನಿಗೆ ಗ್ರಂಥದ ಯೋಗಗಳನ್ನು ಪ್ರಯೋಗಿಸಬಾರದೆಂದೂ ಅದೇ ಪುಟದಲ್ಲಿ ಅಚ್ಚಾಗಬೇಕು. ಚತುರ್ವಿಧದಾನಗಳಲ್ಲಿ ಶಾಸ್ತ್ರದಾನವೂ ಔಷಧದಾನವೂ ಬೇರೆ ಬೇರೆ ಎಣಿಕೆಯಾಗಿವೆ. ತಾಳೆಗರಿಯನ್ನು ಅಚ್ಚಿಗೆ ತರುವ ನಾವು ಮಾಡುವುದು ಮೊದಲನೆಯದನ್ನು; ಓದುಗನು ಅದನ್ನು ಎರಡನೆಯದೆಂದು ಭ್ರಮಿಸದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.